ಚಿಪ್‌ಬೋರ್ಡ್ ಆಕಾರಗಳಿಗೆ ಬಣ್ಣ ಹಚ್ಚಿದರೆ ಬಾಗುತ್ತವೆ, ಮಂಕಾಗುತ್ತವೆ. ಚೆನ್ನಾಗಿ ಅಲಂಕರಿಸುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಮೂರು ದೂರುಗಳಿವೆ. ಎಷ್ಟು ಬಣ್ಣ ಹಚ್ಚಿದರೂ ರಟ್ಟು ಕುಡಿದುಬಿಡುತ್ತದೆ, ಒಣಗಿದ ಮೇಲೆ ತುಂಡು ದೋಣಿಯ ಹಾಗೆ ಬಾಗುತ್ತದೆ, ಫೋಟೋ ಅಂಟಿಸಿ ಅಲಂಕರಿಸುವ ಸ್ಕ್ರ್ಯಾಪ್‌ಬುಕ್ಕಿನ ಪುಟಕ್ಕೆ ಅಂಟಿಸಿದರೆ ಯಾಕೋ ಮಕ್ಕಳ ಪ್ರಾಜೆಕ್ಟ್ ಥರ ಕಾಣುತ್ತದೆ. ಮೊದಲ ಎರಡಕ್ಕೆ ಕಾರಣ ಒಂದೇ. ಮೂರನೆಯದಕ್ಕೆ ಕಾರಣ ಬಹುಮಟ್ಟಿಗೆ ಅಂಚು, ಯಾರೂ ಬಣ್ಣ ಹಚ್ಚದೆ ಬಿಟ್ಟುಬಿಡುವ ಆ ಬೂದು ಅಂಚು.

ಮರಗೆಲಸದವರನ್ನು ಕೇಳಿದರೆ ಚಿಪ್‌ಬೋರ್ಡ್ ಅಂದರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆ ಅನ್ನುತ್ತಾರೆ. ನಮ್ಮದು ಅದಲ್ಲ, ಚಿಟ್ಟೆ, ಬಳ್ಳಿ, ಅಕ್ಷರಗಳಂಥ ಆಕಾರಗಳಾಗಿ ಕತ್ತರಿಸಿದ ರಟ್ಟು. ಇದು ಪುಸ್ತಕದ ಬೈಂಡಿಂಗಿಗೆ ಹಾಕುವ ರಟ್ಟಿನ ತಮ್ಮ. ಹೆಚ್ಚಾಗಿ ಹಳೆಯ ಕಾಗದವನ್ನೇ ಅರೆದು, ಒತ್ತಿ, ಒಣಗಿಸಿ ಮಾಡಿದ್ದು, ಸಾಮಾನ್ಯವಾಗಿ 1ರಿಂದ 2 ಮಿಲಿಮೀಟರ್ ದಪ್ಪ. ಬರೆಯುವ ಪ್ಯಾಡಿನ ಕೊನೆಯಲ್ಲಿ ಒಂದು ಬೂದು ಬಣ್ಣದ ಗಟ್ಟಿ ಹಾಳೆ ಇರುತ್ತದಲ್ಲ, ಅದೂ ಇದೇ ಜಾತಿ. ಒಳಗೆಲ್ಲ ಕಾಗದದ ನಾರು, ನಾರಿಗೆ ಸದಾ ಬಾಯಾರಿಕೆ. ಒಂದು ಮುಖಕ್ಕೆ ಮಾತ್ರ ಅಕ್ರಿಲಿಕ್ ಬಣ್ಣ ಬಳಿದರೆ ಬಣ್ಣದ ನೀರನ್ನು ಆ ಮುಖ ಹೀರಿ ಉಬ್ಬುತ್ತದೆ. ಆಮೇಲೆ ಬಣ್ಣದ ಪೊರೆ ಒಣಗುತ್ತ ಕುಗ್ಗುವಾಗ ರಟ್ಟನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅದೇ ನಿಮ್ಮ ದೋಣಿ.

ಹಾಗಾಗಿ ಅಲಂಕಾರದ ಯೋಚನೆ ಆಮೇಲೆ, ಮೊದಲು ರಟ್ಟಿನ ಬಾಯಾರಿಕೆ ತೀರಿಸಿ. ಅದಕ್ಕೆ ಇರುವುದು ಜೆಸ್ಸೊ. ಅಕ್ರಿಲಿಕ್ ಅಂಟಿಗೆ ಸೀಮೆಸುಣ್ಣದಂಥ ಪುಡಿ ಸೇರಿಸಿದ ತಳಬಣ್ಣ ಅಂದುಕೊಳ್ಳಿ. ಒಣಗಿದಾಗ ಸ್ವಲ್ಪ ಒರಟಾಗುತ್ತದೆ, ಮೇಲಿನ ಬಣ್ಣಕ್ಕೆ ಹಿಡಿತ ಸಿಗುತ್ತದೆ. ತೆಳುವಾಗಿ ಹಚ್ಚಿ, ಹಿಂಬದಿಗೂ ಹಚ್ಚಿ. ಈ ಹಿಂಬದಿಯ ಮಾತನ್ನು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಮಾಡುವುದು ಯಾರೂ ಇಲ್ಲ. ಎರಡೂ ಕಡೆ ಒಂದೇ ಥರ ಎಳೆತ ಇದ್ದರೆ ತುಂಡು ನೆಟ್ಟಗಿರುತ್ತದೆ, ಅಷ್ಟೇ ಲೆಕ್ಕ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಎರಡು ಬಟರ್ ಪೇಪರ್ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ, ರಾತ್ರಿಯಿಡೀ ಹಾಗೇ ಇರಲಿ. ಈಗಾಗಲೇ ಬಾಗಿದ ತುಂಡುಗಳನ್ನು ಎಸೆಯಬೇಡಿ. ಹಿಂಬದಿಗೆ ಒಂದು ಕೈ ಬಣ್ಣ ಬಳಿದು ಹೀಗೇ ಭಾರ ಹೇರಿದರೆ ಬಹಳಷ್ಟು ನೆಟ್ಟಗಾಗುತ್ತವೆ.

ಜೆಸ್ಸೊ ಇಲ್ಲದಿದ್ದರೆ ಬಿಳಿ ಅಕ್ರಿಲಿಕ್ ಬಣ್ಣವೂ ನಡೆಯುತ್ತದೆ, ಎರಡು ತೆಳು ಪದರ ಬೇಕಾಗುತ್ತದೆ. ತಿಳಿ ಬಣ್ಣಗಳು ಹೊಳೆಯಬೇಕಾದರೆ ತಳ ಬಿಳಿ. ಚಿನ್ನ, ತಾಮ್ರದಂಥ ಲೋಹದ ಬಣ್ಣಗಳಿಗೆ ಕಪ್ಪು. ಬೂದು ರಟ್ಟಿನ ಮೇಲೆ ನೇರವಾಗಿ ಹಳದಿ ಹಚ್ಚಿ ಅದು ಕೆಸರಾಯಿತೆಂದು ಬಣ್ಣವನ್ನು ಬೈಯುವುದು ಅನ್ಯಾಯ.

ಇನ್ನು ಅಂಚು. ಲೇಸರ್‌ನಲ್ಲಿ ಕತ್ತರಿಸಿದ ಆಕಾರಗಳ ಅಂಚು ಸುಟ್ಟು ಕಂದಾಗಿರುತ್ತದೆ, ಆ ಮಸಿ ಬಿಳಿ ಬಣ್ಣಕ್ಕೆ ಸೇರಿ ಅದನ್ನೂ ಕೊಳೆ ಮಾಡುತ್ತದೆ. ಮೊದಲು ಒಣ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಹಾಳೆಯಿಂದ ಆಕಾರಗಳನ್ನು ಬಿಡಿಸುವಾಗ ಕೈಯಿಂದ ಕೀಳಬೇಡಿ, ಹಿಡಿದುಕೊಂಡಿರುವ ಆ ಸಣ್ಣ ಕೊಂಡಿಗಳನ್ನು ಕ್ರಾಫ್ಟ್ ಚಾಕುವಿನಿಂದ ಕೊಯ್ಯಿರಿ. ಕಿತ್ತರೆ ಪದರ ಬಿಟ್ಟುಕೊಂಡು ಅಂಚು ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಳ್ಳುತ್ತದೆ. ಹಾಗೆ ಬಿಚ್ಚಿಕೊಂಡಿದ್ದರೆ ಒಂದು ಹನಿ ಬಿಳಿ ಅಂಟು ಸವರಿ ಬೆರಳಲ್ಲಿ ಒತ್ತಿ, ಒಣಗಿದ ಮೇಲೆ ಉಗುರು ತೀಡುವ ಫೈಲಿನಿಂದ ತೀಡಿ. ನಾನು ಈಗ ಯಾವ ತುಂಡಿಗೂ ಮೊದಲು ಅಂಚಿಗೆ ಬಣ್ಣ ಹಚ್ಚುತ್ತೇನೆ, ಆಮೇಲೆ ಮುಖಕ್ಕೆ. ಸ್ಪಂಜಿನ ಚೂರಿನಿಂದ ಸುತ್ತ ತಟ್ಟುತ್ತ ಹೋದರೆ ಒಂದು ನಿಮಿಷದ ಕೆಲಸ. ಎರಡು ಮಿಲಿಮೀಟರ್ ದಪ್ಪವೆಂದರೆ ಪುಟದ ಮೇಲೆ ನೆರಳು ಬೀಳುವಷ್ಟು ಎತ್ತರ. ಓರೆಯಾಗಿ ನೋಡುವ ಕಣ್ಣಿಗೆ ಮೊದಲು ಕಾಣುವುದು ಆ ಗೋಡೆಯೇ.

ಬಣ್ಣದ ಬದಲು ಚಿತ್ತಾರದ ಕಾಗದ ಹೊದಿಸುವುದು ನನಗೆ ಇನ್ನೂ ಇಷ್ಟ. ಆಕಾರವನ್ನು ಕಾಗದದ ಮೇಲಿಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕತ್ತರಿಸಲು ಹೋಗಬೇಡಿ, ಎಷ್ಟೇ ಜಾಗ್ರತೆಯಿಂದ ಮಾಡಿದರೂ ಒಂದು ಕಡೆ ಕೂದಲೆಳೆ ಹೆಚ್ಚು, ಇನ್ನೊಂದು ಕಡೆ ಕೂದಲೆಳೆ ಕಡಿಮೆ ಬರುತ್ತದೆ. ಅಂಟನ್ನು ರಟ್ಟಿನ ಮುಖಕ್ಕೆ ತೆಳುವಾಗಿ ಸವರಿ, ಕಾಗದದ ಹಿಂಬದಿಯ ಮೇಲೆ ಮುಖ ಕೆಳಗೆ ಮಾಡಿ ಒತ್ತಿ, ಪೂರ್ತಿ ಒಣಗಲು ಬಿಡಿ. ಹಸಿಯಿರುವಾಗ ಕತ್ತರಿಸಿದರೆ ಕಾಗದ ಹರಿಯುತ್ತದೆ. ಒಣಗಿದ ಮೇಲೆ ರಟ್ಟಿನ ಅಂಚನ್ನೇ ದಾರಿ ಮಾಡಿಕೊಂಡು ಚಾಕು ಓಡಿಸಿ, ಆಮೇಲೆ ಫೈಲನ್ನು ಓರೆ ಹಿಡಿದು ಮೇಲಿನಿಂದ ಕೆಳಗೆ ಮಾತ್ರ ಎಳೆಯಿರಿ. ಕೆಳಗಿನಿಂದ ಮೇಲಕ್ಕೆ ಎಳೆದರೆ ಕಾಗದ ಎದ್ದುಬರುತ್ತದೆ. ತೀಡಿದಾಗ ಕಾಗದದ ಬಿಳಿ ಒಡಲು ಸಣ್ಣ ಗೆರೆಯಾಗಿ ಕಾಣುತ್ತದೆ. ಅದರ ಮೇಲೆ ಕಂದು ಇಂಕ್‌ಪ್ಯಾಡ್ ಸವರಿದರೆ ಅಚ್ಚುಕಟ್ಟಾದ ಕಟ್ಟು ಹಾಕಿದಂತಿರುತ್ತದೆ.

ಅಕ್ಷರಗಳಿದ್ದರೆ ಒಂದು ಎಚ್ಚರಿಕೆ. ಈ ವಿಧಾನದಲ್ಲಿ ಕೆಲಸ ಮಾಡುವಾಗ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿಯೇ ಕಾಣಬೇಕು. ಮೊದಲ ಸಲ ಒಂದು ಆಲ್ಬಮ್ಮಿನ ಹೆಸರಿಗೆ ಅಕ್ಷರಗಳನ್ನು ಜೋಡಿಸುವಾಗ ನಾನು ಅದನ್ನು ನೋಡಿ ಗಾಬರಿಯಾಗಿ ಎಲ್ಲವನ್ನೂ 'ಸರಿ' ಮಾಡಿ ಅಂಟಿಸಿದೆ. ಬೆಳಿಗ್ಗೆ ತಿರುಗಿಸಿ ನೋಡಿದರೆ ಇಡೀ ಹೆಸರು ಉಲ್ಟಾ. ಚಿತ್ತಾರವೆಲ್ಲ ಹಿಂಬದಿಗೆ ಕೂತಿತ್ತು.

ಹೊಳಪು ಬೇಕಿದ್ದರೆ ಎಂಬಾಸಿಂಗ್ ಪುಡಿ, ಶಾಖಕ್ಕೆ ಕರಗಿ ಹೊಳೆಯುವ ಪದರವಾಗುವ ಪುಡಿ. ಇದರಲ್ಲಿ ಒಮ್ಮೆ ಕೈ ಕುದುರಿದರೆ ಬಣ್ಣದ ಡಬ್ಬಿ ಮೂಲೆ ಸೇರುತ್ತದೆ. ಬೇಗ ಒಣಗದ ಪಿಗ್ಮೆಂಟ್ ಇಂಕ್ ಅಥವಾ ಬಣ್ಣವಿಲ್ಲದ ಎಂಬಾಸಿಂಗ್ ಇಂಕನ್ನು ಆಕಾರದ ಮೇಲೆ ಒತ್ತಿ, ಪುಡಿ ಉದುರಿಸಿ, ಹೆಚ್ಚಾದದ್ದನ್ನು ಮಡಚಿದ ಕಾಗದದ ಮೇಲೆ ಕೊಡವಿ ಡಬ್ಬಿಗೇ ವಾಪಸ್ ಹಾಕಿ. ಬಿಸಿ ಗಾಳಿ ಊದುವ ಹೀಟ್ ಗನ್ನನ್ನು ಮೊದಲು ಕೆಲವು ಸೆಕೆಂಡು ಖಾಲಿ ಓಡಿಸಿ ಕಾಯಿಸಿಕೊಳ್ಳಿ. ತಣ್ಣಗಿದ್ದರೆ ಅದರ ಗಾಳಿ ಪುಡಿಯನ್ನೆಲ್ಲ ಹಾರಿಸುತ್ತದೆ, ಕರಗಿಸುವುದಿಲ್ಲ. ತುಂಡನ್ನು ಬೆರಳಲ್ಲಿ ಹಿಡಿಯಬೇಡಿ, ಚಿಮಟ ಬೇಕು. ಒಂದು ಪದರ ಕರಗಿ ಬಿಸಿಯಿರುವಾಗಲೇ ಎರಡನೆಯ ಸಲ ಪುಡಿ ಉದುರಿಸಿದರೆ ಇಂಕ್ ಇಲ್ಲದೆಯೂ ಅಂಟಿಕೊಳ್ಳುತ್ತದೆ. ಮೂರು ಪದರವಾದರೆ ಗಾಜಿನ ಬಿಲ್ಲೆಯಂತೆ ಕಾಣುತ್ತದೆ. ಪೂರ್ತಿ ತಣಿದ ಮೇಲೆ ಮೆಲ್ಲಗೆ ಬಾಗಿಸಿದರೆ ಬಿರುಕು ಬಿಡುತ್ತದೆ, ಆ ಬಿರುಕಿಗೆ ಕಡು ಬಣ್ಣ ಉಜ್ಜಿ ಒರೆಸಿದರೆ ಹಳೆಯ ಪಿಂಗಾಣಿ.

ಇಲ್ಲೂ ಕಾಡುವುದು ಆ ನೀರೇ. ತಳಬಣ್ಣ ಒಳಗೆ ಹಸಿಯಿದ್ದರೆ ಶಾಖಕ್ಕೆ ಆವಿಯಾಗಿ ಮೇಲೆದ್ದು ಗುಳ್ಳೆ ಕಟ್ಟುತ್ತದೆ. ಕೆಲವರು ಗುಳ್ಳೆಯನ್ನೇ ಅಲಂಕಾರ ಅನ್ನುತ್ತಾರೆ, ನನಗೆ ಒಗ್ಗುವುದಿಲ್ಲ. ಎಳೆ ಎಳೆಯಾದ ಬಳ್ಳಿ, ಕೊಂಬೆಗಳಂಥ ಆಕಾರಗಳ ಮೇಲೆ ಶಾಖವನ್ನು ಒಂದೇ ಕಡೆ ನಿಲ್ಲಿಸಿದರೆ ರಟ್ಟೇ ಸುಡುತ್ತದೆ.

ತುಕ್ಕಿನ ನೋಟಕ್ಕೆ ಅಕ್ರಿಲಿಕ್ ಬಣ್ಣಕ್ಕೆ ಅಡುಗೆ ಸೋಡಾ ಕಲಸಿ ಗಟ್ಟಿಯಾದ ಲೇಪ ಮಾಡಿಕೊಳ್ಳಿ. ಮೊದಲು ಕಡು ಕಂದು, ಅದು ಒಣಗಿದ ಮೇಲೆ ಅಲ್ಲಲ್ಲಿ ಕಿತ್ತಳೆ, ಕೊನೆಗೆ ತುಸುವೇ ಹಳದಿ, ಎಲ್ಲವನ್ನೂ ಸ್ಪಂಜಿನಿಂದ ತಟ್ಟಿ. ಬ್ರಷ್ ಎಳೆದರೆ ಗೀರು ಬಿದ್ದು ಗುಟ್ಟು ರಟ್ಟಾಗುತ್ತದೆ. ಬಿರುಕು ಬಿಟ್ಟ ಗೋಡೆಯ ನೋಟ ಬೇಕಾದರೆ ಕಡು ಬಣ್ಣದ ತಳದ ಮೇಲೆ ಬಿಳಿ ಅಂಟನ್ನು ದಪ್ಪಗೆ ಹಚ್ಚಿ, ಅದು ಪೂರ್ತಿ ಒಣಗುವ ಮುಂಚೆ, ಮುಟ್ಟಿದರೆ ಜಿಗುಟಾಗಿರುವಾಗ, ಮೇಲೆ ತಿಳಿ ಬಣ್ಣವನ್ನು ಒಂದೇ ದಿಕ್ಕಿನಲ್ಲಿ ಒಂದೇ ಸಲ ಎಳೆಯಿರಿ. ಮತ್ತೆ ಮುಟ್ಟಬೇಡಿ. ಅಂಟು ದಪ್ಪವಿದ್ದಷ್ಟೂ ಬಿರುಕು ಅಗಲ. ಅಲ್ಯೂಮಿನಿಯಂ ಟೇಪ್ ಸುತ್ತಿ, ಇಂಕ್ ಮುಗಿದ ಬಾಲ್‌ಪೆನ್ನಿನಿಂದ ಗೆರೆಗಳನ್ನು ಒತ್ತಿ, ಕಪ್ಪು ಬಣ್ಣ ಬಳಿದು ತಕ್ಷಣ ಒರೆಸಿದರೆ ಲೋಹದ ತುಂಡಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಇದಕ್ಕೆ ತಳಬಣ್ಣವೂ ಬೇಡ, ಅಂಚಿನ ಕೆಲಸವೂ ಬೇಡ, ಟೇಪನ್ನೇ ಹಿಂದಕ್ಕೆ ಮಡಚಿದರಾಯಿತು. ಸೋಮಾರಿಗಳಿಗೆ ಹೇಳಿ ಮಾಡಿಸಿದ್ದು. ಆಲ್ಕೋಹಾಲ್ ಇಂಕ್ (ನೀರಿನ ಬದಲು ಆಲ್ಕೋಹಾಲ್‌ನಲ್ಲಿ ಕಲಸಿದ ಬಣ್ಣ) ಇಟ್ಟುಕೊಂಡಿದ್ದರೆ ಅದನ್ನು ಇಂಥ ಟೇಪಿನ ಮೇಲೆಯೇ ಹಾಕಿ. ಬರೀ ರಟ್ಟಿನ ಮೇಲೆ ಹಾಕಿದರೆ ಹರಡುವ ಮೊದಲೇ ಇಂಗಿಹೋಗುತ್ತದೆ.

ನೀವು ಕೇಳದ ಒಂದು ವಿಷಯವಿದೆ. ಆಲ್ಬಮ್ಮಿನಲ್ಲಿ ಮೂಲ ಫೋಟೋಗಳಿದ್ದರೆ ರಟ್ಟು ಆಸಿಡ್ ಇಲ್ಲದ್ದೇ ಎಂದು ನೋಡಿ ಕೊಳ್ಳಿ. ಪ್ಯಾಡಿನ ಹಿಂಬದಿಯ ಬೂದು ರಟ್ಟಿನಲ್ಲಿ ಲಿಗ್ನಿನ್ (ಮರದ ನಾರಿನ ಜೊತೆಗಿರುವ ಒಂದು ಅಂಶ), ಆಸಿಡ್ ಎರಡೂ ಇರಬಹುದು. ಹಳೆಯ ದಿನಪತ್ರಿಕೆ ಹಳದಿಯಾಗುವುದು ಇವುಗಳಿಂದಲೇ. ಮೇಲೆ ಬಣ್ಣ ಬಳಿದ ಮಾತ್ರಕ್ಕೆ ಅದು ಪೂರ್ತಿ ತಡೆಯಾಗುವುದಿಲ್ಲ. ಅಂಥದನ್ನು ಶುಭಾಶಯ ಪತ್ರಕ್ಕೋ ಗೋಡೆಗೆ ಹಾಕುವ ಚೌಕಟ್ಟಿಗೋ ಬಳಸಿ, ಫೋಟೋಕ್ಕೆ ತಗಲುವ ಕಡೆ ಬೇಡ.

ಹಾಗೆಯೇ, ಅಕ್ರಿಲಿಕ್ ಮುಟ್ಟಿದರೆ ಒಣಗಿದಂತಿದ್ದರೂ ಒತ್ತಿ ಇಟ್ಟರೆ ಎದುರಿನದಕ್ಕೆ ಅಂಟಿಕೊಳ್ಳುವ ಚಾಳಿಯದು. ಒಂದು ಆಲ್ಬಮ್ಮನ್ನು ನಾನು ಮುಗಿಸಿದ ದಿನವೇ ಮುಚ್ಚಿಟ್ಟೆ. ತಿಂಗಳ ಮೇಲೆ ತೆರೆದರೆ ಒಂದು ಪುಟದ ಚಿಟ್ಟೆಯ ರೆಕ್ಕೆ ಎದುರು ಪುಟದ ಪ್ಲಾಸ್ಟಿಕ್ ಕವರಿಗೆ ಹೋಗಿತ್ತು, ಬಣ್ಣ ಸಮೇತ. ಈಗ ಕೆಲವು ದಿನ ತೆರೆದಿಟ್ಟು ಒಣಗಿಸುತ್ತೇನೆ, ಮೇಣದ ಪಾಲಿಷ್ ತೆಳುವಾಗಿ ಉಜ್ಜುತ್ತೇನೆ, ಎರಡು ಪುಟಗಳ ನಡುವೆ ಬಟರ್ ಪೇಪರ್ ಹಾಕುತ್ತೇನೆ. ದಪ್ಪ ಆಕಾರದ ಎದುರಿಗೆ ಫೋಟೋ ಬಾರದಂತೆಯೂ ನೋಡಿಕೊಳ್ಳಿ, ಅಚ್ಚು ಬೀಳುತ್ತದೆ.

ಆಕಾರಗಳನ್ನೆಲ್ಲ ಬಿಡಿಸಿಕೊಂಡ ಮೇಲೆ ಉಳಿಯುವ ತೂತುಗಳ ಹಾಳೆಯನ್ನು ಎಸೆಯಬೇಡಿ. ಎರಡು ಕಡೆ ಬಣ್ಣ ಹಚ್ಚಿ ಗಟ್ಟಿ ಮಾಡಿಕೊಂಡರೆ ಅದೇ ನಿಮ್ಮ ಸ್ಟೆನ್ಸಿಲ್. ಈಗ ಬಾಗಿರುವ ತುಂಡುಗಳ ಮೇಲೆ ಮೊದಲು ಕೈ ಪಳಗಿಸಿಕೊಳ್ಳಿ, ಹೊಸ ಪೊಟ್ಟಣ ಆಮೇಲೆ ಒಡೆದರಾಯಿತು.