ಡ್ರಿಪ್ ಮೋಟರ್ ಟಕಟಕ ಅಂದ್ರೆ ಸೆನ್ಸರ್ ಬದಲಿಸಬೇಡಿ

ಮೇಡಂ, ಮಣ್ಣಿನ ತೇವ ನೋಡೋ ಸೆನ್ಸರ್ ಹಾಕಿದ ಮೇಲೆ ರಿಲೇ (ಮೋಟರನ್ನು ಆನ್-ಆಫ್ ಮಾಡೋ ಸ್ವಿಚ್) ಟಕಟಕ ಅಂತ ಬಡ್ಕೊಳ್ಳುತ್ತೆ, ಗ್ರೋಬ್ಯಾಗಿನ ಅಡಿಯಿಂದ ನೀರು ಸುರಿಯುತ್ತೆ, ಆದರೂ ಮಧ್ಯಾಹ್ನ ಟೊಮೆಟೊ ಬಾಡುತ್ತೆ ಅಂದಿದ್ದೀರಿ. ಹೊಸ ಸೆನ್ಸರಿಗೆ ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಓಡೋದು ಬೇಡ. (ಎರಡು ಮುಳ್ಳಿನ ಹಳೇ ಥರದ್ದಾಗಿದ್ರೆ ಮಾತ್ರ ಬದಲಿಸಿ. ಅದರ ಲೇಪನ ಸವೆದಂತೆಲ್ಲ ಒದ್ದೆ ಮಣ್ಣನ್ನೂ ಒಣಗಿದೆ ಅನ್ನುತ್ತೆ.)

ಡ್ರಿಪ್ಪರಿನಿಂದ ಬಿದ್ದ ನೀರು ಇಳಿದು ಸೆನ್ಸರ್ ಮುಟ್ಟೋಕೆ ಹೊತ್ತು ಬೇಕು. ಅಲ್ಲಿವರೆಗೆ ಸೆನ್ಸರ್ ಒಣಗಿದೆ ಅಂತಲೇ ಹೇಳುತ್ತೆ, ಮೋಟರ್ ಓಡ್ತಾನೇ ಇರುತ್ತೆ. ಫೀಡ್‌ಬ್ಯಾಕ್, ಅಂದ್ರೆ ಸೆನ್ಸರ್ ಮೋಟರಿಗೆ ಮುಟ್ಟಿಸೋ ಸುದ್ದಿ, ಸರಿಯಾಗೇ ಇದೆ, ತಡವಾಗಿ ಬರ್ತಿದೆ ಅಷ್ಟೇ. ಟಕಟಕಕ್ಕೆ ಕಾರಣ ಬೇರೆ: ಆನ್‌ಗೂ ಆಫ್‌ಗೂ ಒಂದೇ ಅಂಕಿ ಕೊಟ್ಟಿರ್ತೀರಿ. ರೀಡಿಂಗ್ ಚೂರು ಅಲುಗಿದರೂ ರಿಲೇ ಬಡ್ಕೊಳ್ಳುತ್ತೆ. ಫ್ರಿಜ್ಜಿನಲ್ಲಿ ಕಂಪ್ರೆಸರ್ ಶುರುವಾಗೋ ಉಷ್ಣತೆಗೂ ನಿಲ್ಲೋ ಉಷ್ಣತೆಗೂ ನಡುವೆ ಬೇಕಂತಲೇ ಅಂತರ ಇಟ್ಟಿರ್ತಾರೆ.

ಬ್ಯಾಗಿಗೆ ತುಂಬೋ ಮಣ್ಣಿನ ಮಿಶ್ರಣ ಒಣಗಿದ್ದಾಗ ಒಂದು ರೀಡಿಂಗ್, ಚೆನ್ನಾಗಿ ನೆನೆಸಿ ಬಸಿದ ಮೇಲೆ ಇನ್ನೊಂದು ಬರೆದಿಟ್ಟುಕೊಳ್ಳಿ. ಅವನ್ನು 0, 100 ಅಂತ ಹಿಡಿದರೆ 40ಕ್ಕೆ ಶುರು, 70ಕ್ಕೆ ನಿಲ್ಲಲಿ. ಕೆಪಾಸಿಟಿವ್ ಸೆನ್ಸರಿನಲ್ಲಿ (ಮುಳ್ಳಿಲ್ಲದ, ಚಪ್ಪಟೆ ಪಟ್ಟಿಯ ಥರದ್ದು) ಒದ್ದೆಯಾದಷ್ಟೂ ಅದು ಕೊಡೋ ಅಂಕಿ ಇಳಿಯುತ್ತೆ, ಉಲ್ಟಾ ಮಾಡ್ಕೋಬೇಡಿ. 70 ಬರೋ ತನಕ ಒಂದೇ ಸಮ ಓಡಿಸಲೂಬಾರದು. ಗಂಟೆಗೆ 2 ಲೀಟರಿನ ಡ್ರಿಪ್ಪರ್ 6 ನಿಮಿಷಕ್ಕೆ 200 ಮಿಲಿ ಕೊಡುತ್ತೆ. ಅಷ್ಟು ಕೊಟ್ಟು 30 ನಿಮಿಷ ಸುಮ್ಮನಿದ್ದು ಆಮೇಲೆ ನೋಡಲಿ. 12 ಇಂಚಿನ ಬ್ಯಾಗಿಗೆ ದಿನಕ್ಕೆ 6 ಸಲ, ಅಂದ್ರೆ 1.2 ಲೀಟರ್, ಮಿತಿ ಹಾಕಿ. ಬಿರುಬೇಸಿಗೆಯಲ್ಲಿ ಕಾಯಿ ತುಂಬಿದ ಗಿಡಕ್ಕೆ ಒಂದೆರಡು ಸಲ ಜಾಸ್ತಿ ಬೇಕಾಗಬಹುದು. ಸೆನ್ಸರ್ ಡ್ರಿಪ್ಪರಿನಿಂದ 3 ಇಂಚು ಆಚೆ, ಬೇರಿನ ಹತ್ತಿರ ಇರಲಿ. ಬರೆದಿಟ್ಟ ಅಂಕಿಗಳನ್ನು ಬಿಟ್ಟು ರೀಡಿಂಗ್ ಎಲ್ಲೋ ಹೋದರೆ ತಂತಿ ಕಿತ್ತಿದೆ ಅಂತ ಲೆಕ್ಕ, ಮೋಟರ್ ತಾನೇ ನಿಲ್ಲೋ ಹಾಗೆ ಕೋಡಿನಲ್ಲಿ ಬರೀರಿ.

ನಿಜಕ್ಕೂ ಹೆದರಬೇಕಾದ್ದು ಬಾಡೋದಕ್ಕೆ. ಒದ್ದೆ ಹೆಚ್ಚಿ ಗಾಳಿಯಾಡದಿದ್ರೆ ಬೇರು ಕೊಳೆಯುತ್ತೆ, ಕೊಳೆತ ಬೇರು ನೀರೆಳೆಯಲ್ಲ, ಎಲೆ ಜೋಲುತ್ತೆ. ಅದನ್ನು ನೋಡಿ ನಾವು ಮಗ್ ಹಿಡ್ಕೊಂಡು ಇನ್ನಷ್ಟು ಸುರೀತೀವಿ. ಮೋಟರಿನದು ತಪ್ಪನ್ನು ತಾನೇ ತಿದ್ದೋ ಸುತ್ತು, ಇದು ತಪ್ಪನ್ನು ಬೆಳೆಸಿ ಇನ್ನಷ್ಟು ಕೆಡಿಸೋ ಸುತ್ತು. ಒಣಗೋ ಕಡೆಗೂ ಇಂಥದ್ದೇ ಇದೆ: ಮಿಶ್ರಣ ತೀರಾ ಒಣಗಿದರೆ ಕುಗ್ಗಿ ಬ್ಯಾಗಿನ ಅಂಚು ಬಿಡುತ್ತೆ, ಸುರಿದ ನೀರೆಲ್ಲ ಆ ಸಂದಿಯಲ್ಲಿ ಜಾರಿ ಕೆಳಗೆ ಹೋಗುತ್ತೆ.

ಸಂಜೆ ಆರಕ್ಕೆ ಗಿಡ ಚೇತರಿಸಿಕೊಂಡಿದ್ರೆ ಅದು ಬಿಸಿಲಿನ ಬಾಡು, ಬಿಟ್ಟುಬಿಡಿ. ಬೆಳಿಗ್ಗೆಯೂ ಜೋಲುತ್ತಿದ್ದು, ಎರಡು ಇಂಚು ಬೆರಳಿಟ್ಟರೆ ಒದ್ದೆ ತಾಗಿದ್ರೆ ಮೋಟರಿನ ಪ್ಲಗ್ ಕಿತ್ತು, ಬ್ಯಾಗಿನ ಅಡಿಯ ತೂತು ಬಿಡಿಸಿ, ಮೇಲಿನ ಎರಡು ಇಂಚು ಒಣಗೋ ತನಕ ಒಂದು ಹನಿ ನೀರೂ ಹಾಕಬೇಡಿ.