ಗೋಡೆ ದಪ್ಪವಿದ್ದರೆ ಸಾಕೇ? ಭೂಕಂಪದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಕಲ್ಲು-ಮಣ್ಣಿನ ಮನೆ. ಗೋಡೆ ಎರಡೂವರೆ ಅಡಿ ದಪ್ಪ, ಮೇಲೆ ಮಣ್ಣಿನ ಮಾಳಿಗೆ. ಇಂಥ ಗೋಡೆ ಭೂಕಂಪಕ್ಕೆ ಜಗ್ಗುವುದಿಲ್ಲ ಅಂತಾರೆ ಹಿರಿಯರು. ನಿಜವೇ?
– ಓದುಗರು, ಆಳಂದ ತಾಲೂಕು

ಉತ್ತರ: ನಿಮ್ಮ ಗಡಿಯಾಚೆ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸಾವಿರಾರು ಜನ ಸತ್ತದ್ದು ಇಂಥ ದಪ್ಪ ಗೋಡೆಗಳ ಅಡಿಯಲ್ಲೇ. ಕಂಪನದ ಪ್ರಮಾಣ 6.2ರ ಆಸುಪಾಸು, ಅಷ್ಟು ಸಾವಿಗೆ ಅದೊಂದೇ ಕಾರಣವಲ್ಲ.

ಒಡೆದು ನೋಡಿದರೆ ಅದು ಒಂದು ಗೋಡೆಯಲ್ಲ, ಎರಡು. ಹೊರಗೊಂದು ಕಲ್ಲಿನ ಸಾಲು, ಒಳಗೊಂದು, ನಡುವೆ ಚೂರುಗಲ್ಲು ಮತ್ತು ಮಣ್ಣು. ನೆಲ ಅಲುಗಿದಾಗ ಎರಡೂ ಬೇರೆಯಾಗಿ ಗೋಡೆ ಹೊಟ್ಟೆ ಬಿಡುತ್ತದೆ, ಆಮೇಲೆ ಮಾಳಿಗೆ ಕುಸಿಯುತ್ತದೆ. ಆ ಮಾಳಿಗೆಯ ತೂಕ ಲೆಕ್ಕ ಹಾಕಿ: 10x10 ಅಡಿ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ನಾಲ್ಕೂವರೆ ಟನ್‌ಗೆ ಕಡಿಮೆಯಿಲ್ಲ. ತೂಕ ಹೆಚ್ಚಿದಷ್ಟೂ ಅಡ್ಡಕ್ಕೆ ಎಳೆಯುವ ಬಲ ಹೆಚ್ಚು. ಸೋರುತ್ತದೆಂದು ಮಳೆಗಾಲಕ್ಕೆ ಮುಂಚೆ ಹಾಕುತ್ತಾ ಬಂದ ಮಣ್ಣೇ ಇಲ್ಲಿ ವೈರಿ.

ಹಾಗಾಗಿ ಮೊದಲ ಕೆಲಸ ಮಾಳಿಗೆಯದು. ಮಣ್ಣು ತೆಗೆದು 20 ಸೆಂ.ಮೀ. ಒಳಗೆ ಇರಿಸಿ, ನೀರು ಇಳಿಯದಂತೆ ಪದರ ಹಾಕಿಸಿ. ತೊಲೆ ಮರದ ಕಂಬದ ಮೇಲೆ ಕೂತಿದ್ದರೆ ಅದು ನಿಮ್ಮ ಭಾಗ್ಯ: ಕಿಲ್ಲಾರಿಯಲ್ಲೂ ಅಂಥ ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತ ಉದಾಹರಣೆಗಳಿವೆ. ಕಂಬದ ಬುಡ ಗೆದ್ದಲು ತಿಂದಿದೆಯೇ ನೋಡಿ, ಕಂಬ-ತೊಲೆ ಸೇರುವಲ್ಲಿ ಕಬ್ಬಿಣದ ಪಟ್ಟಿ ಕಟ್ಟಿಸಿ.

ಆಮೇಲೆ ಗೋಡೆಯ ಎರಡು ಸಾಲನ್ನು ಹೊಲಿಯಬೇಕು. ಸುಮಾರು ಒಂದು ಮೀಟರ್‌ಗೊಂದರಂತೆ ಕಲ್ಲು ಬಿಡಿಸಿ, ಈಚೆಯಿಂದ ಆಚೆಗೆ ಹಾಯುವ ತೂತು ಮಾಡಿ, ಎರಡೂ ತುದಿ ಕೊಕ್ಕೆಯಾದ 8 ಮಿ.ಮೀ. ಸರಳಿಟ್ಟು ಕಾಂಕ್ರೀಟ್ ತುಂಬಿಸಿ. ಸುತ್ತಿಗೆ ಬೀಸಬಾರದು, ಸಣ್ಣ ಹಾರೆಯಿಂದ ಮೆಲ್ಲಗೆ ಸಡಿಲಿಸಬೇಕು. ಅಕ್ಕಪಕ್ಕದ ಎರಡು ತೂತು ಒಂದೇ ದಿನ ಬೇಡ.

ಪ್ರಶ್ನೆ: ಹಿಂದೆ ಕೆರೆಯಿದ್ದ ಜಾಗದಲ್ಲಿ ನಮ್ಮ ಅಪಾರ್ಟ್‌ಮೆಂಟ್ ಇದೆ. ಬೆಂಗಳೂರು ಗಟ್ಟಿ ಬಂಡೆಯ ಮೇಲಿದೆಯಲ್ಲ, ಚಿಂತೆ ಏಕೆ?
– ಓದುಗರು, ಬೆಂಗಳೂರು

ಉತ್ತರ: ಊರು ಬಂಡೆಯ ಮೇಲಿದೆ, ಕೆರೆಯಂಗಳ ಹೂಳು ಮತ್ತು ತುಂಬಿದ ಮಣ್ಣಿನ ಮೇಲಿರುತ್ತದೆ. ಇಲ್ಲಿ ದೊಡ್ಡ ಭೂಕಂಪದ ಸಂಭವ ಕಡಿಮೆ, ನಿಜ. ಆದರೆ ಮೆತ್ತನೆ ನೆಲ ದೂರದ ಅಲುಗಾಟವನ್ನೂ ಹಿಗ್ಗಿಸಬಲ್ಲದು. 1985ರಲ್ಲಿ ಮೆಕ್ಸಿಕೋ ನಗರದಿಂದ ಭೂಕಂಪದ ಕೇಂದ್ರ 350 ಕಿ.ಮೀ.ಗೂ ಆಚೆಗಿತ್ತು. ಹಳೆಯ ಕೆರೆಯ ಜೇಡಿ ಎರಡು ಸೆಕೆಂಡಿಗೊಮ್ಮೆ ತೂಗಿತು. ಅದರ ಲಯಕ್ಕೆ ಸಿಕ್ಕ 6ರಿಂದ 15 ಅಂತಸ್ತಿನ ಕಟ್ಟಡಗಳಿಗೆ ಹೆಚ್ಚು ಪೆಟ್ಟಾಯಿತು. 2001ರ ಭುಜ್ ಭೂಕಂಪದಲ್ಲಿ, ಅಲ್ಲಿಂದ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಕೆಳಗೆ ಬರೀ ಪಿಲ್ಲರ್, ಮೇಲೆಲ್ಲ ಗೋಡೆ ಇದ್ದ ಫ್ಲ್ಯಾಟ್‌ಗಳು ಕುಸಿದವು.

ನಿಮ್ಮ ಸಂಘದವರು ಮಣ್ಣು ಪರೀಕ್ಷೆಯ ವರದಿ ಮತ್ತು ಸ್ಟ್ರಕ್ಚರಲ್ ನಕ್ಷೆ ತರಿಸಿಕೊಳ್ಳಲಿ. ಅಡಿಪಾಯ ಗಟ್ಟಿನೆಲದವರೆಗೆ ಇಳಿದಿದೆಯೇ, ಪಾರ್ಕಿಂಗ್ ಮಟ್ಟದಲ್ಲಿ ಕಾಂಕ್ರೀಟ್ ಗೋಡೆಗಳಿವೆಯೇ, ಪಿಲ್ಲರ್‌ನ ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗಿನ ಕೊಕ್ಕೆ 135 ಡಿಗ್ರಿಗೆ ಒಳಕ್ಕೆ ಬಾಗಿದೆಯೇ, ಇವು ಮೂರು ಮುಖ್ಯ. 90 ಡಿಗ್ರಿಗೆ ನಿಲ್ಲಿಸಿದ ಕೊಕ್ಕೆ, ಹೊರಗಿನ ಕಾಂಕ್ರೀಟ್ ಉದುರಿದೊಡನೆ ಬಿಚ್ಚಿಕೊಳ್ಳುತ್ತದೆ. ಆಗ ಉದ್ದ ಸರಳು ಬಾಗಿ ಪಿಲ್ಲರ್ ನಜ್ಜುಗುಜ್ಜಾಗುತ್ತದೆ. ಕಾರಿಗೆ ಜಾಗ ಸಾಲದೆಂದು ಪಿಲ್ಲರ್ ಕೆತ್ತಿಸಲು ಯಾರಿಗೂ ಬಿಡಬೇಡಿ.

ಪ್ರಶ್ನೆ: ಹೊಸ ಇಟ್ಟಿಗೆ ಮನೆಗೆ ಲಿಂಟಲ್ ಬಾಗಿಲ ಮೇಲೆ ಹಾಕಿದರೆ ಸಾಲದೇ?
– ಓದುಗರು, ಹುಮನಾಬಾದ್

ಉತ್ತರ: ಸಾಲದು. ಅದು ಎಲ್ಲ ಗೋಡೆಗಳನ್ನೂ ಸುತ್ತಿ ಬರುವ ಕಾಂಕ್ರೀಟ್ ಪಟ್ಟಿಯಾಗಿರಬೇಕು. 3 ಇಂಚು ದಪ್ಪಕ್ಕೆ ಎರಡು ಸರಳು, 6 ಇಂಚಿಗೆ ನಾಲ್ಕು. ಮೂಲೆಯಲ್ಲಿ ಸರಳು ಕತ್ತರಿಸಬೇಡಿ, ಬಗ್ಗಿಸಿ ಪಕ್ಕದ ಗೋಡೆಯೊಳಗೆ ಹಾಯಿಸಿ. ಬಾಗಿಲು, ಕಿಟಕಿಗಳು ಗೋಡೆಯ ಮೂಲೆಯಿಂದ ಒಂದೂವರೆ ಅಡಿಯಾದರೂ ದೂರವಿರಲಿ.