ನಮ್ಮ ತೋಟದ ಪಂಪಿನ ಊರು ಯಾವುದು?

(ಸಿರ್ಸಿಯಲ್ಲಿ ಪಂಪು, ಎಂಜಿನ್ ರಿಪೇರಿ ಮಾಡುತ್ತಲೇ ಬಂದ ನಮ್ಮ ಅಂಕಣಕಾರರು ಈ ಸಲ ಮೂರು ಪತ್ರಗಳಿಗೆ ಉತ್ತರ ಕೊಟ್ಟಿದ್ದಾರೆ.)

ಪ್ರಶ್ನೆ: ಅಜ್ಜ ಹಾಕಿಸಿದ ಪಂಪ್‌ಸೆಟ್ ಹಳ್ಳದ ದಂಡೆಯ ಪಂಪ್‌ಮನೆಯಲ್ಲಿ ಸುಮ್ನೆ ಬಿದ್ದಿದೆ. ಪಂಪಿನ ಮೇಲೆ ‘ಕಿರ್ಲೋಸ್ಕರ್ ಬ್ರದರ್ಸ್’ ಅಂತಿದೆ. ಡೀಸೆಲ್ ಎಂಜಿನ್ನಿನ ಮೇಲೆ ‘ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್’ ಅಂತಿದೆ. ಚಿಕ್ಕಪ್ಪನ ತೋಟದ ಮೋಟಾರು ‘ಕಿರ್ಲೋಸ್ಕರ್ ಎಲೆಕ್ಟ್ರಿಕ್’. ಇವೆಲ್ಲ ಒಂದೇ ಕಂಪನಿಯಾ? ತಮ್ಮ ಗುಜರಿಗೆ ಕೊಡೋಣ ಅಂತಿದ್ದಾನೆ.
– ಓದುಗರೊಬ್ಬರು, ಮಂಚಿಕೇರಿ

ಉತ್ತರ: ಮೊದಲು ತಮ್ಮನನ್ನು ತಡೆಯಿರಿ. ಗುಜರಿಯವನು ಕಬ್ಬಿಣದ ತೂಕಕ್ಕೆ ದುಡ್ಡು ಕೊಡುತ್ತಾನೆ, ಯಂತ್ರಕ್ಕೆ ಕೊಡೋದಿಲ್ಲ.

ಮನೆತನ ಒಂದೇ, ಕಂಪನಿಗಳು ಬೇರೆ ಬೇರೆ. ಪಂಪು ಮಾಡುವ ಕಿರ್ಲೋಸ್ಕರ್ ಬ್ರದರ್ಸ್ ಮೂಲ ಸಂಸ್ಥೆ. ಎಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಯಿತು. ಮೋಟಾರಿನ ಕಂಪನಿ ಅದೇ ವರ್ಷ ಬೆಂಗಳೂರಿನಲ್ಲಿ. ಈಗ ಆಡಳಿತವೂ ಬೇರೆ ಬೇರೆ. ಹಾಗಾಗಿ ಬಿಡಿಭಾಗ ತರಿಸುವಾಗ ‘ಕಿರ್ಲೋಸ್ಕರ್‌ದು ಕೊಡಿ’ ಅಂದರೆ ಸಾಲದು. ಯಾವುದರದ್ದು, ಯಾವ ಮಾಡೆಲ್ ಅಂತ ಹೇಳಬೇಕು.

ನೀವು ಕೇಳಿದ್ದು ಇಷ್ಟೇ. ಆದರೂ ಈ ಮನೆತನದ ಕತೆಯನ್ನು ತೋಟ, ಗದ್ದೆ ಮಾಡುವ ನಾವೆಲ್ಲ ತಿಳಿದಿರಬೇಕು ಅಂತ ನನಗೆ ಬಹಳ ಅನಿಸುತ್ತದೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಹುಡುಗನಿಗೆ ಚಿತ್ರ ಬಿಡಿಸುವ ಹುಚ್ಚು. ಮುಂಬೈಗೆ ಹೋಗಿ ಜೆ.ಜೆ. ಕಲಾಶಾಲೆ ಸೇರಿದರು. ಆದರೆ ಕೆಲವು ಬಣ್ಣಗಳು ಅವರ ಕಣ್ಣಿಗೆ ಸರಿಯಾಗಿ ಕಾಣೋದಿಲ್ಲ ಅಂತ ಅಲ್ಲಿ ಗೊತ್ತಾಯಿತು. ಬಣ್ಣ ಬಿಟ್ಟು ಯಂತ್ರದ ನಕ್ಷೆ ಬಿಡಿಸುವ ಕಡೆ ಹೊರಳಿದರು. ಮುಂದೆ ಮುಂಬೈಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟ್ರಾದರು.

1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಶುರುವಾಯಿತು. ಲಕ್ಷ್ಮಣರಾಯರು ಮುಂಬೈಯಿಂದ ಸೈಕಲ್ ಕಳಿಸುವುದು, ಸಹೋದರ ರಾಮುವಣ್ಣ ಬೆಳಗಾವಿಯಲ್ಲಿ ಮಾರುವುದು. ಕೊಂಡವರಿಗೆ ಸೈಕಲ್ ಹೊಡೆಯೋಕೆ ಕಲಿಸುವುದೂ ಅವರದೇ ಕೆಲಸ. ಆ ಅಂಗಡಿಯಿದ್ದ ರಸ್ತೆಗೆ ಇಂದಿಗೂ ಕಿರ್ಲೋಸ್ಕರ್ ರಸ್ತೆ ಅಂತಲೇ ಹೆಸರು. ‘ಬ್ರದರ್ಸ್’ ಬಂದದ್ದು ಈ ಇಬ್ಬರಿಂದ.

ಮುಂಬೈಯ ನೌಕರಿ ಬಿಟ್ಟು ಬಂದ ಮೇಲೆ ಲಕ್ಷ್ಮಣರಾಯರು ಮೇವು ಕತ್ತರಿಸುವ ಯಂತ್ರ ಮಾಡಿದರು. ಆಮೇಲೆ 1903ರಲ್ಲಿ ಕಬ್ಬಿಣದ ನೇಗಿಲು. ಇಲ್ಲಿ ಸ್ವಲ್ಪ ನಿಲ್ಲಬೇಕು. ನೇಗಿಲನ್ನು ಯಾರೂ ಕೊಳ್ಳಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆ ಅಂತ ರೈತರ ನಂಬಿಕೆ. ಮೊದಲ ನೇಗಿಲು ಮಾರಾಟವಾಗೋಕೆ ಎರಡು ವರ್ಷ ಹಿಡಿಯಿತು ಎನ್ನುತ್ತಾರೆ. ಆ ಎರಡು ವರ್ಷ ಸುಮ್ನೆ ಕೂರದೆ ಅದನ್ನೇ ತಿದ್ದುತ್ತ ಕೂತ ಮನುಷ್ಯ ಅವರು. ರೈತನಿಗೆ ಬುದ್ಧಿಯಿಲ್ಲ ಅಂತ ಅಂಗಡಿ ಮುಚ್ಚುವುದು ಸುಲಭ ಇತ್ತು ಅಲ್ವಾ? ರೈತನ ಹೆದರಿಕೆಯಲ್ಲೂ ಅರ್ಥವಿತ್ತು. ಒಂದು ಬೆಳೆ ಕೈಕೊಟ್ಟರೆ ಮನೆ ಮಂದಿಯೆಲ್ಲ ಉಪವಾಸ ಬೀಳುವ ಕಾಲ ಅದು. ನಾನು ಎಷ್ಟೋ ತೋಟಗಳಿಗೆ ಹೊಸ ಯಂತ್ರ ಕೂರಿಸಿದ್ದೇನೆ. ಮನೆಯ ಹಿರಿಯರು ಅನುಮಾನದಿಂದ ಸುತ್ತ ಓಡಾಡುವಾಗೆಲ್ಲ ನನಗೆ ಈ ನೇಗಿಲಿನ ನೆನಪು. ಅವರಿಗೆ ಉತ್ತರ ಕೊಡುವ ಜವಾಬ್ದಾರಿ ಯಂತ್ರ ಮಾಡಿದವನದ್ದು.

ನೇಗಿಲು ಕೈ ಹಿಡಿಯುವ ಹೊತ್ತಿಗೆ ಕಾರ್ಖಾನೆಯ ಜಾಗವೇ ಹೋಯಿತು. ಊರು ಬೆಳೆಸೋಕೆ ಆ ಜಾಗ ಬೇಕು ಅಂತ ಆಡಳಿತ ಎಬ್ಬಿಸಿತು. ಆಗ ಕೈ ಹಿಡಿದವರು ಇಂದಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದ ರಾಜರು. ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಾಗ ಕೊಟ್ಟರು, 10,000 ರೂಪಾಯಿ ಸಾಲವನ್ನೂ ಕೊಟ್ಟರು. ಜಾಗ ಬರಡು. ಎಲ್ಲಿ ನೋಡಿದರೂ ಪಾಪಾಸುಕಳ್ಳಿ, ಹಾವು. 1910ರಲ್ಲಿ ಅಲ್ಲಿ ಕಾರ್ಖಾನೆಯೂ ಕೆಲಸಗಾರರ ಮನೆಗಳೂ ಒಟ್ಟಿಗೇ ಎದ್ದವು. ಅದೇ ಇಂದಿನ ಕಿರ್ಲೋಸ್ಕರವಾಡಿ. ರೈಲು ನಿಲ್ದಾಣಕ್ಕೂ ಈಗ ಅದೇ ಹೆಸರು. 1920ರಲ್ಲಿ ಅದು ಲಿಮಿಟೆಡ್ ಕಂಪನಿಯಾಯಿತು. 1926ರ ಹೊತ್ತಿಗೆ ಸೆಂಟ್ರಿಫ್ಯೂಗಲ್ ಪಂಪು, ಅಂದರೆ ಒಳಗಿನ ಚಕ್ರ ತಿರುಗಿ ನೀರು ತಳ್ಳುವ ಪಂಪು ಬಂತು. ನಿಮ್ಮ ಪಂಪು ಆ ವಂಶದ್ದು.

ಅದೇ 1926ರಲ್ಲಿ ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದರು. ಪುಣೆಯ ಎಂಜಿನ್ ಕಂಪನಿ ಅವರ ಕಾಲದ್ದು. ಬೆಂಗಳೂರಿನ ಮೋಟಾರು ಕಂಪನಿ ಕಟ್ಟಿದವರು ಇನ್ನೊಬ್ಬ ಮಗ ರವಿ ಕಿರ್ಲೋಸ್ಕರ್. ಲಕ್ಷ್ಮಣರಾಯರು ತೀರಿಕೊಂಡದ್ದು 1956ರಲ್ಲಿ.

ಇನ್ನು ನಿಮ್ಮ ಪಂಪ್‌ಮನೆಯ ಕೆಲಸ. ಎಂಜಿನ್ನಿನ ನೇಮ್‌ಪ್ಲೇಟನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ತಂತಿ ಬ್ರಷ್ ಹಾಕಬೇಡಿ, ಅಕ್ಷರ ಹೋಗುತ್ತದೆ. ‘ಎವಿ1’ ಅಂತಿದ್ದರೆ ಅದು 1500 ಆರ್‌ಪಿಎಂನ 5 ಎಚ್‌ಪಿ ಎಂಜಿನ್, ನೀರಿನಿಂದ ತಣ್ಣಗಾಗುವಂಥದ್ದು. ಅದರ ಕೆಲಸ ಗೊತ್ತಿರುವ ಮೆಕ್ಯಾನಿಕ್ ನಮ್ಮ ಕಡೆ ಇನ್ನೂ ಸಿಗುತ್ತಾರೆ. ಪಂಪಿನ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿ. ತಿರುಗದಿದ್ದರೆ ಪೈಪ್ ರಿಂಚ್ ಹಾಕಿ ಎಳೆಯಬೇಡಿ. ಶಾಫ್ಟಿನ ಸುತ್ತ ಪ್ಯಾಕಿಂಗ್ (ನೀರು ಸೋರದಂತೆ ಸುತ್ತಿದ ಹುರಿ) ಒತ್ತಿ ಹಿಡಿಯುವ ಗ್ಲ್ಯಾಂಡ್ ಸಡಿಲಿಸಿ, ಒಣಗಿ ಕಲ್ಲಾದ ಹಳೇ ಪ್ಯಾಕಿಂಗ್ ಕಿತ್ತು ತೆಗೆಯಿರಿ. ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಕೇಸಿಂಗ್ (ಪಂಪಿನ ಹೊರಚಿಪ್ಪು) ಬಿಚ್ಚಿದ ಮೇಲೆ ಎರಡು ಜಾಗ ನೋಡಿ: ನೀರು ತಳ್ಳುವ ಚಕ್ರ ಇದೆಯಲ್ಲ, ಆ ಇಂಪೆಲ್ಲರಿನ ಅಂಚು, ಪ್ಯಾಕಿಂಗ್ ಕೂರುವಲ್ಲಿ ಶಾಫ್ಟಿನ ಮೈ. ನಮ್ಮ ಹಳ್ಳದ ನೀರಿನಲ್ಲಿ ಮರಳು ಜಾಸ್ತಿ, ಸವೆತ ಅಲ್ಲೇ. ಶಾಫ್ಟಿನ ಮೇಲೆ ಉಗುರು ಎಳೆದಾಗ ಗೀರು ಸಿಕ್ಕಿದರೆ ಲೇತಿಗೆ (ಲೋಹವನ್ನು ತಿರುಗಿಸುತ್ತ ಹೆರೆಯುವ ಯಂತ್ರ) ಹಾಕಿಸಬೇಕು. ಕೇಸಿಂಗ್ ಒಡೆದಿಲ್ಲ ಅಂತಾದರೆ ಆ ಪಂಪು ಓಡುತ್ತದೆ. ಅಂದಿನ ಎರಕ ದಪ್ಪ.

ಪ್ರಶ್ನೆ: ಕಿರ್ಲೋಸ್ಕರ್ ಮನೆಯವರು ಕನ್ನಡದವರೋ ಮರಾಠಿಯವರೋ? ನಮ್ಮಲ್ಲಿ ಇದರ ಮೇಲೆ ದೊಡ್ಡ ವಾದವೇ ಆಯಿತು.
– ಓದುಗರೊಬ್ಬರು, ಕಾರವಾರ

ಉತ್ತರ: ಮನೆಮಾತು ಮರಾಠಿ, ಹುಟ್ಟಿದ ಮಣ್ಣು ಕನ್ನಡದ್ದು. ಮರಾಠಿ ಸಂಗೀತ ನಾಟಕ ಕಟ್ಟಿದ ಅಣ್ಣಾಸಾಹೇಬ್ ಕಿರ್ಲೋಸ್ಕರ್ ಹುಟ್ಟಿದ್ದೂ ಅದೇ ಗುರ್ಲಹೊಸೂರಿನಲ್ಲಿ, 1843ರಲ್ಲಿ. ಕಾರವಾರದವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾ? 1956ರ ತನಕ ನಿಮ್ಮ ಜಿಲ್ಲೆಯೂ ಬೆಳಗಾವಿಯೂ ಮುಂಬೈ ಆಡಳಿತದಲ್ಲೇ ಇದ್ದವು. ಒಂದೇ ಮನೆಯಲ್ಲಿ ಕೊಂಕಣಿ, ಕನ್ನಡ, ಮರಾಠಿ ಮೂರೂ ಆಡುವವರು ನಿಮ್ಮಲ್ಲಿ ಎಷ್ಟಿಲ್ಲ!

ವಾದಕ್ಕಿಂತ ಈ ಮನೆತನದ ಕೆಲಸ ಕನ್ನಡ ನಾಡಿನಲ್ಲಿ ಎಲ್ಲೆಲ್ಲಿ ನಡೆದಿದೆ ನೋಡಿ. ಬೆಳಗಾವಿಯಲ್ಲಿ ಸೈಕಲ್, ನೇಗಿಲು. ಹರಿಹರದಲ್ಲಿ ಲೇತು. ಬೆಂಗಳೂರಿನಲ್ಲಿ ಮೋಟಾರು. ಕೊಪ್ಪಳದಲ್ಲಿ ಬೀಡುಕಬ್ಬಿಣ. ಬಿಡದಿಯಲ್ಲಿ ಜಪಾನಿನ ಟೊಯೊಟಾ ಜೊತೆ ಕಾರು. ಎಷ್ಟು ಊರುಗಳ ಹುಡುಗರು ಇವುಗಳಲ್ಲಿ ಫಿಟ್ಟರು, ಟರ್ನರು ಆದರು! ನನಗೆ ದೊಡ್ಡದಾಗಿ ಕಾಣುವುದು ಅದು.

ಪ್ರಶ್ನೆ: ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ‘ಮೈಸೂರ್ ಕಿರ್ಲೋಸ್ಕರ್, ಹರಿಹರ’ ಅಂತ ಬರೆದ ಹಳೇ ಲೇತಿದೆ. ಆ ಕಂಪನಿ ಈಗಲೂ ಇದೆಯಾ? ಅಂಥದ್ದೇ ಒಂದು ಸೆಕೆಂಡ್‌ಹ್ಯಾಂಡ್ ಕೊಂಡು ಸಣ್ಣ ವರ್ಕ್‌ಶಾಪ್ ಹಾಕಬೇಕು ಅಂತಿದ್ದೇನೆ.
– ಡಿಪ್ಲೊಮಾ ವಿದ್ಯಾರ್ಥಿ, ಕುಮಟಾ

ಉತ್ತರ: ಇಲ್ಲಪ್ಪ, ಮುಚ್ಚಿತು. 1941ರಲ್ಲಿ, ಮಹಾಯುದ್ಧದ ನಡುವೆ, ತುಂಗಭದ್ರೆಯ ದಂಡೆಯಲ್ಲಿ ಶುರುವಾದ ಕಾರ್ಖಾನೆ. ಹೊರದೇಶದ ಯಂತ್ರ ಸಿಗೋದು ಕಷ್ಟವಾಗಿದ್ದ ಕಾಲದಲ್ಲಿ ಇಲ್ಲೇ ಲೇತು ಮಾಡಿ ತೋರಿಸಿದರು. ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಅಂತ ಬರೆದ ಲೇತುಗಳು ಎಷ್ಟೋ ಐಟಿಐಗಳಲ್ಲಿ ಇವತ್ತಿಗೂ ತಿರುಗುತ್ತಿವೆ. 2000ದ ದಶಕದ ಮೊದಲ ವರ್ಷಗಳಲ್ಲಿ ಬಾಗಿಲು ಹಾಕಿತು. ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರಗಳು, ವಿದೇಶಿ ಪೈಪೋಟಿ ಎಲ್ಲ ಒಟ್ಟಿಗೇ ಬಂದಿದ್ದ ಹೊತ್ತು ಅದು. ಹರಿಹರಕ್ಕೆ ಆ ಪೆಟ್ಟು ದೊಡ್ಡದು. ಲೇತು ಮಾಡುವ ಕೈಗಳು ಹಾಗೆ ಚದುರಿಹೋದದ್ದು ನನಗೆ ಇಂದಿಗೂ ನೋವಿನ ವಿಷಯ.

ಕೊಳ್ಳುವುದಾದರೆ ಹೊಸ ಬಣ್ಣ ನೋಡಿ ದುಡ್ಡು ಕೊಡಬೇಡ. ಬೆಡ್ ನೋಡು, ಅಂದರೆ ಲೇತಿನ ಕೆಳಗಿನ ಉದ್ದನೆಯ ಹಳಿ. ಚಕ್ಕಿನ (ಕೆಲಸದ ತುಂಡನ್ನು ಹಿಡಿದು ತಿರುಗುವ ಭಾಗ) ಹತ್ತಿರದ ಒಂದೆರಡು ಅಡಿಯಲ್ಲಿ ಕೆಲಸ ಜಾಸ್ತಿ ನಡೆಯುತ್ತದೆ, ಸವೆಯುವುದೂ ಅಲ್ಲಿಯೇ. ಚಕ್ಕಿನ ಹತ್ತಿರ ಕ್ಯಾರೇಜ್ (ಹೆರೆಯುವ ಉಳಿ ಹೊತ್ತು ಬೆಡ್ ಮೇಲೆ ಓಡುವ ಭಾಗ) ಸಲೀಸಾಗಿ ಓಡುವ ಹಾಗೆ ಬಿಗಿ ಮಾಡು. ಆಮೇಲೆ ಇನ್ನೊಂದು ತುದಿಯ ಟೇಲ್‌ಸ್ಟಾಕ್ ಕಡೆಗೆ ಓಡಿಸು. ಅಲ್ಲಿ ಹಿಡಿದುಕೊಂಡಿತು ಅಂದರೆ ಬೆಡ್ ಸವೆದಿದೆ. ಮಾರುವವನ ಎದುರೇ ಒಂದು ರಾಡನ್ನು ಟರ್ನ್ ಮಾಡಿ, ಎರಡೂ ತುದಿಯನ್ನು ಮೈಕ್ರೋಮೀಟರಿನಲ್ಲಿ ಅಳೆ. ಚಕ್ಕನ್ನು ತಿರುಗಿಸುವ ಹೆಡ್‌ಸ್ಟಾಕಿನ ಎಲ್ಲ ಗೇರು ಹಾಕಿ ಸದ್ದು ಕೇಳು. ಸವೆತ ಇದ್ದರೂ ಲೇತು ಹಾಳು ಅಂತಲ್ಲ, ಬೆಡ್ಡನ್ನು ಗ್ರೈಂಡ್ ಮಾಡಿಸಬಹುದು. ಬೆಳಗಾವಿಯ ಉದ್ಯಮಬಾಗಿನಲ್ಲಿ ಫೌಂಡ್ರಿ, ಮಷಿನ್‌ಶಾಪ್ ಸಾಲುಸಾಲಾಗಿವೆ, ಅಲ್ಲಿ ವಿಚಾರಿಸು. ಆ ಖರ್ಚನ್ನು ಲೇತಿನ ಬೆಲೆಯಲ್ಲಿ ಮುರಿದುಕೊಂಡೇ ವ್ಯಾಪಾರ ಕುದುರಿಸು. ಕೊಳ್ಳುವ ಮೊದಲು ನೇಮ್‌ಪ್ಲೇಟಿನ ಫೋಟೋ, ಬೆಡ್ಡಿನ ಫೋಟೋ ಪತ್ರಿಕೆಗೆ ಕಳಿಸಿದರೆ ನೋಡಿ ಹೇಳುತ್ತೇನೆ.